ಒಂದೇ ರನ್‌ವೇ, ಹಲವು ವಿಮಾನ: ಪೈಥಾನ್ ಜಾಲತಾಣಗಳು ಪ್ರೊಸೆಸ್ ಹಂಚಿಕೊಂಡ ಕತೆ

ವಿಮಾನ ನಗರಕ್ಕೆ ಹೊಸದಾಗಿ ಬಂದವರು ಮೊದಲ ವಾರವೆಲ್ಲ ಆಕಾಶ ನೋಡುತ್ತಾರೆ. ಸುಖೋಯ್ ಯುದ್ಧವಿಮಾನ ಮೇಲೆದ್ದರೆ ಕಿಟಕಿಯ ಗಾಜು ಅದುರುತ್ತದೆ. ಊರಿಗೆ ಫೋನ್ ಮಾಡುತ್ತಿದ್ದವರು "ಒಂದು ನಿಮಿಷ ತಡಿ" ಎಂದು ಸುಮ್ಮನಾಗುತ್ತಾರೆ. ಎರಡನೇ ವಾರದಿಂದ ಯಾರೂ ತಲೆ ಎತ್ತುವುದಿಲ್ಲ. ನಾನು ಈ ಬಡಾವಣೆಗೆ ಬಂದು ಹದಿನೈದು ವರ್ಷ ದಾಟಿದರೂ ಒಂದು ವಿಷಯ ಮಾತ್ರ ಬಹಳ ತಡವಾಗಿ ತಿಳಿಯಿತು. ನಮ್ಮ ಬಡಾವಣೆಗೆ ಹೆಸರು ಕೊಟ್ಟ ವಿಮಾನ ನಿಲ್ದಾಣಕ್ಕೆ ಸ್ವಂತ ರನ್‌ವೇ ಇಲ್ಲ. ರನ್‌ವೇ ಲೋಹೆಗಾಂವ್ ವಾಯುಪಡೆ ನೆಲೆಯದು. ನಾಗರಿಕ ವಿಮಾನಗಳು ಅದನ್ನು ಹಂಚಿಕೊಂಡು ಓಡಾಡುತ್ತವೆ.

ಹೊಂದಾಣಿಕೆ ಚೆನ್ನಾಗಿಯೇ ನಡೆದಿದೆ. ಆದರೆ 2021ರ ಅಕ್ಟೋಬರ್‌ನಲ್ಲಿ ವಾಯುಪಡೆ ರನ್‌ವೇಗೆ ಹೊಸ ಮೇಲ್ಮೈ ಹಾಕಲು ಹೊರಟಾಗ ಹದಿನಾಲ್ಕು ದಿನ ಪುಣೆಯಿಂದ ಒಂದೂ ಪ್ರಯಾಣಿಕರ ವಿಮಾನ ಹಾರಲಿಲ್ಲ. ಯಾವ ಕಂಪನಿಯ ವಿಮಾನವೂ ಕೆಟ್ಟಿರಲಿಲ್ಲ, ಯಾವ ಪೈಲಟ್ಟೂ ತಪ್ಪು ಮಾಡಿರಲಿಲ್ಲ. ಕೆಳಗಿನ ನೆಲ ಒಂದೇ ಆಗಿತ್ತು, ಅಷ್ಟೆ.

ಆ ಹದಿನಾಲ್ಕು ದಿನದ ಮೌನದಲ್ಲಿ ನನಗೆ ಪದೇ ಪದೇ ನೆನಪಾಗುತ್ತಿದ್ದುದು ಅದಕ್ಕೂ ಏಳು ವರ್ಷ ಹಿಂದಿನ ಒಂದು ರಾತ್ರಿ.

2014ರಲ್ಲಿ ನಾವು ಕೆಲವು ಕನ್ನಡಿಗ ಗೆಳೆಯರು ಸೇರಿ ಒಂದು ಸಣ್ಣ ಬಾಡಿಗೆ ಸರ್ವರ್ ಇಟ್ಟುಕೊಂಡಿದ್ದೆವು. ಅದರ ಮೆಮೊರಿ 512 ಎಂಬಿ. ಅದರಲ್ಲಿ ಎರಡು ತಾಣಗಳಿದ್ದವು. ಒಂದು, ತಿಂಗಳಿಗೊಮ್ಮೆ ಕತೆ ಕವಿತೆ ಹಾಕುವ ಪುಟ್ಟ ಪತ್ರಿಕೆ. ಇನ್ನೊಂದು, ಪುಣೆಯಲ್ಲಿರುವ ನಮ್ಮವರ ರಕ್ತದಾನಿಗಳ ಪಟ್ಟಿ: ಹೆಸರು, ರಕ್ತದ ಗುಂಪು, ಫೋನ್ ನಂಬರ್, ಇರುವ ಬಡಾವಣೆ. ಪತ್ರಿಕೆ ಎಲ್ಲರಿಗೂ ತೆರೆದದ್ದು. ಪಟ್ಟಿಗೆ ಪಾಸ್‌ವರ್ಡ್ ಇತ್ತು. ಎರಡೂ ಪೈಥಾನ್‌ನಲ್ಲಿ, ಜ್ಯಾಂಗೋ ಬಳಸಿ ನಾನೇ ಬರೆದವು. ಎರಡಕ್ಕೂ ಒಂದೇ ಅಪಾಚಿ ಸರ್ವರ್, ಅವೇ ಪ್ರೊಸೆಸ್‌ಗಳು.

ಒಂದು ರಾತ್ರಿ ಹನ್ನೊಂದರ ಮೇಲೆ ವಿಜಯಪುರದ ಹುಡುಗನೊಬ್ಬ ಫೋನ್ ಮಾಡಿದ. ಇಲ್ಲೇ ಕಾಲೇಜಿನಲ್ಲಿ ಓದುತ್ತಿದ್ದ, ಪತ್ರಿಕೆಗೆ ಕರಡು ತಿದ್ದುತ್ತಿದ್ದ.

"ಅಣ್ಣಾರ, ನಮ್ಮ ಪತ್ರಿಕಿ ತಗದ್ರ ರಕ್ತದಾನಿಗಳ ಪಟ್ಟಿ ಬರಾಕತ್ತೈತ್ರಿ. ಫೋನ್ ನಂಬರ್ ಸಮೇತ."

"ಪಾಸ್‌ವರ್ಡ್ ಕೇಳಲಿಲ್ವಾ?"

"ಇಲ್ರಿ, ಏನೂ ಕೇಳಲಿಲ್ಲ. ಈಗ ರಿಫ್ರೆಶ್ ಮಾಡಿದೆ, ಪತ್ರಿಕಿ ಬಂತು. ಮತ್ತ ಮಾಡಿದೆ, ಪಟ್ಟಿ ಬಂತು."

ಒಮ್ಮೆ ಇದು, ಒಮ್ಮೆ ಅದು. ನಾನು ಮೊದಲು ಮಾಡಿದ ಕೆಲಸ ಸರ್ವರ್ ನಿಲ್ಲಿಸಿದ್ದು. ಎರಡನೆಯದು ಕಾರಣ ಹುಡುಕಿದ್ದು. ಕಾರಣ ಅರ್ಥವಾಗಬೇಕಾದರೆ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಈ ಲೇಖನ ಆ ಹಿಂದಕ್ಕೆ ಹೋದ ದಾರಿ.

ಬಂದವರಿಗೆಲ್ಲ ಹೊಸ ಒಲೆ

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಒಂದು ವೆಬ್ ಸರ್ವರ್ ತಯಾರಾಗಿತ್ತು. ಆಗ ವೆಬ್ ಎಂದರೆ ಹೆಚ್ಚಾಗಿ ಬರೆದಿಟ್ಟ ಫೈಲುಗಳು. ಕೇಳಿದರೆ ಎತ್ತಿ ಕೊಡುವುದು. ಆದರೆ ಜನ ಫಾರಂ ತುಂಬಬೇಕು, ಹುಡುಕಬೇಕು, ಉತ್ತರ ಆ ಕ್ಷಣದಲ್ಲೇ ತಯಾರಾಗಬೇಕು ಎಂದಾಗ ಒಂದು ಒಪ್ಪಂದ ಹುಟ್ಟಿತು. ಅದರ ಹೆಸರು ಸಿಜಿಐ. ರಿಕ್ವೆಸ್ಟ್ ಬಂದಾಗ ಸರ್ವರ್ ಒಂದು ಹೊಸ ಪ್ರೋಗ್ರಾಂ ಶುರು ಮಾಡುತ್ತದೆ, ಅದು ಬರೆದ ಉತ್ತರವನ್ನು ಕೇಳಿದವರಿಗೆ ಕಳಿಸುತ್ತದೆ, ಪ್ರೋಗ್ರಾಂ ಸಾಯುತ್ತದೆ. ಮುಂದಿನ ರಿಕ್ವೆಸ್ಟಿಗೆ ಮತ್ತೊಂದು.

ಪ್ರೊಸೆಸ್ ಎಂದರೆ ಓಡುತ್ತಿರುವ ಪ್ರೋಗ್ರಾಂ, ಅದಕ್ಕೆಂದೇ ಮೀಸಲಾದ ಮೆಮೊರಿಯ ಸಮೇತ. ಒಂದು ಪ್ರೊಸೆಸ್ ಇನ್ನೊಂದರ ಮೆಮೊರಿಯನ್ನು ಮುಟ್ಟದಂತೆ ಆಪರೇಟಿಂಗ್ ಸಿಸ್ಟಂ ಗೋಡೆ ಕಟ್ಟಿರುತ್ತದೆ. ಸಿಜಿಐ ಕಾಲದಲ್ಲಿ ತಾಣ ತಾಣಕ್ಕಷ್ಟೇ ಅಲ್ಲ, ರಿಕ್ವೆಸ್ಟ್ ರಿಕ್ವೆಸ್ಟಿಗೂ ಗೋಡೆ ಇತ್ತು. ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೋಗುವ ಮಾತೇ ಇಲ್ಲ. ಏಕೆಂದರೆ ಯಾರಿಗೂ ಏನೂ ನೆನಪಿರುತ್ತಿರಲಿಲ್ಲ.

ಆದರೆ ಇದು ಖಾನಾವಳಿಗೆ ಬಂದ ಪ್ರತಿ ಗಿರಾಕಿಗೂ ಹೊಸದಾಗಿ ಒಲೆ ಹೂಡಿ, ಬೆಂಕಿ ಹಚ್ಚಿ, ಒಂದು ರೊಟ್ಟಿ ಬಡಿದು, ಒಲೆ ಕೆಡವಿದ ಹಾಗೆ. ಗೈಡೋ ವಾನ್ ರೋಸಮ್ 1991ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಬಿಡುಗಡೆ ಮಾಡಿದ ಪೈಥಾನ್ ಭಾಷೆಗಂತೂ ಇದು ಇನ್ನೂ ಭಾರ. ಪ್ರತಿ ಸಲ ಇಂಟರ್‌ಪ್ರಿಟರ್ ಎದ್ದೇಳಬೇಕು, ಬೇಕಾದ ಮಾಡ್ಯೂಲುಗಳನ್ನೆಲ್ಲ ಓದಿಕೊಳ್ಳಬೇಕು, ಡೇಟಾಬೇಸಿಗೆ ಸಂಪರ್ಕ ಮಾಡಬೇಕು. ಉತ್ತರ ಕೊಡುವುದಕ್ಕಿಂತ ಎದ್ದೇಳುವುದಕ್ಕೇ ಹೆಚ್ಚು ಹೊತ್ತು.

ಒಲೆ ಆರಿಸದಿರುವ ಕಲೆ

ಮುಂದಿನ ಹತ್ತು ವರ್ಷದ ಕತೆಯೆಲ್ಲ ಒಲೆಯನ್ನು ಆರಿಸದೆ ಇಡುವ ಪ್ರಯತ್ನ. 1995ರಲ್ಲಿ ಬಂದ ಅಪಾಚಿ ಸರ್ವರ್ ಕೆಲವು ಪ್ರೊಸೆಸ್‌ಗಳನ್ನು ಮೊದಲೇ ಹುಟ್ಟಿಸಿ ಸಾಲಾಗಿ ಕೂರಿಸಿತು. 1996ರಲ್ಲಿ ಓಪನ್ ಮಾರ್ಕೆಟ್ ಎಂಬ ಕಂಪನಿ ಫಾಸ್ಟ್‌ಸಿಜಿಐ ತಂದಿತು. ಅದರಲ್ಲಿ ಪ್ರೋಗ್ರಾಂ ಉತ್ತರ ಕೊಟ್ಟ ಮೇಲೆ ಸಾಯುವುದಿಲ್ಲ, ಮುಂದಿನ ರಿಕ್ವೆಸ್ಟಿಗೆ ಕಾಯುತ್ತದೆ. ಪೈಥಾನ್ ಲೋಕದಲ್ಲಿ 1998ರ ಹೊತ್ತಿಗೆ ಝೋಪ್ ಬಂತು. ಅದು ಸದಾ ಓಡುತ್ತಿರುವ ದೊಡ್ಡ ಸರ್ವರ್. ಒಂದೇ ಝೋಪ್‌ನೊಳಗೆ ಬೇರೆ ಬೇರೆ ವಿಳಾಸಗಳ ಹಲವು ತಾಣ ನಡೆಸಬಹುದಿತ್ತು. 2000ದಲ್ಲಿ ಗ್ರೆಗರಿ ಟ್ರುಬೆಟ್ಸ್‌ಕಾಯ್ ಅವರ ಮಾಡ್‌ಪೈಥಾನ್ ಬಂದು, ಪೈಥಾನ್ ಇಂಟರ್‌ಪ್ರಿಟರನ್ನು ಅಪಾಚಿಯ ಹೊಟ್ಟೆಯೊಳಗೇ ಕೂರಿಸಿತು.

ಇಲ್ಲಿಂದ ವೇಗದ ಜೊತೆ ಹೊಸ ತಾಪತ್ರಯವೂ ಶುರುವಾಯಿತು. ಸಾಯದ ಪ್ರೊಸೆಸ್‌ಗೆ ನೆನಪಿರುತ್ತದೆ. ಒಮ್ಮೆ ಓದಿದ ಮಾಡ್ಯೂಲ್, ಒಮ್ಮೆ ಇಟ್ಟ ಮೌಲ್ಯ, ಒಮ್ಮೆ ತೆರೆದ ಡೇಟಾಬೇಸ್ ಸಂಪರ್ಕ ಎಲ್ಲ ಹಾಗೇ ಉಳಿಯುತ್ತವೆ. ನೆನಪೇ ಅದರ ವೇಗದ ಗುಟ್ಟು. ಒಂದೇ ಪ್ರೊಸೆಸ್‌ನಲ್ಲಿ ಎರಡು ತಾಣ ಇದ್ದರೆ ಯಾರ ನೆನಪು ಯಾರಿಗೆ ಸೇರಬೇಕು?

ಪಿಎಚ್‌ಪಿ ಭಾಷೆ ಈ ಪ್ರಶ್ನೆಯಿಂದ ಜಾಣತನದಿಂದ ತಪ್ಪಿಸಿಕೊಂಡಿತು. ಅದೂ ಅಪಾಚಿಯೊಳಗೆ ಕೂರುತ್ತಿತ್ತು. ಆದರೆ ಪ್ರತಿ ರಿಕ್ವೆಸ್ಟ್ ಮುಗಿದ ಕೂಡಲೇ ಪ್ರೋಗ್ರಾಮಿನ ನೆನಪನ್ನು ಒರೆಸಿಹಾಕುತ್ತಿತ್ತು. ಒಲೆ ಉರಿಯುತ್ತಲೇ ಇರುತ್ತದೆ, ಪಾತ್ರೆ ಮಾತ್ರ ಪ್ರತಿ ಸಲ ತೊಳೆದದ್ದು. ಹೀಗಾಗಿ ಒಂದೇ ಯಂತ್ರದಲ್ಲಿ ನೂರಾರು ಜನರ ಪಿಎಚ್‌ಪಿ ತಾಣಗಳನ್ನು ತುಂಬುವುದು ಸಾಧ್ಯವಾಯಿತು, ತಿಂಗಳ ಬಾಡಿಗೆ ಇಳಿಯಿತು. ಕನ್ನಡದ ಮಟ್ಟಿಗೆ ಇದು ಸಣ್ಣ ಮಾತಲ್ಲ. ಹರಿಪ್ರಸಾದ್ ನಾಡಿಗ್ ಅವರು 2005ರಲ್ಲಿ ಆರಂಭಿಸಿದ 'ಸಂಪದ' ಪಿಎಚ್‌ಪಿಯ ದ್ರುಪಲ್ ಮೇಲೆ ನಿಂತಿತ್ತು. ನಮ್ಮಲ್ಲಿ ಎಷ್ಟೋ ಜನ ಜಾಲದಲ್ಲಿ ಕನ್ನಡ ಬರೆಯಲು ಕಲಿತದ್ದೇ ಅಲ್ಲಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯ, 2016ರಲ್ಲಿ ಬಂದ ತುಳು ವಿಕಿಪೀಡಿಯ ಇಂದಿಗೂ ಇಂಗ್ಲಿಷ್ ವಿಕಿಪೀಡಿಯಕ್ಕೆ ಉತ್ತರ ಕೊಡುವ ಅದೇ ಸರ್ವರ್ ಸಮೂಹದಿಂದ ನಡೆಯುತ್ತವೆ. ತಂತ್ರಾಂಶ ಒಂದೇ ಮೀಡಿಯಾವಿಕಿ, ಅದೂ ಪಿಎಚ್‌ಪಿ. ಬಂದ ವಿಳಾಸ ನೋಡಿ ಯಾವ ಭಾಷೆಯ ಡೇಟಾಬೇಸ್ ತೆರೆಯಬೇಕೆಂದು ನಿರ್ಧಾರವಾಗುತ್ತದೆ. ತುಳು ವಿಕಿಗೆ ಪ್ರತ್ಯೇಕ ಯಂತ್ರ ಕೊಳ್ಳಬೇಕಾಗಿದ್ದರೆ ಆ ಖರ್ಚು ಯಾರು ಹೊರುತ್ತಿದ್ದರು? ಸಣ್ಣ ಭಾಷೆಗಳಿಗೆ ಜಾಲದಲ್ಲಿ ಜಾಗ ಸಿಕ್ಕಿದ್ದರಲ್ಲಿ ಈ ಹಂಚಿಕೊಳ್ಳುವಿಕೆಯ ಪಾಲು ದೊಡ್ಡದು.

ಪೈಥಾನ್ ತಾಣಗಳಿಗೆ ಆ ಅಗ್ಗದ ಸುಖ ಇರಲಿಲ್ಲ. ಅವು ಮರೆಯುವುದಿಲ್ಲ.

ಕನ್ಸಾಸ್‌ನ ಪತ್ರಿಕೆ, ಒಂದು ಸಾಮಾನ್ಯ ಒಪ್ಪಂದ

ಹಂಚಿಕೊಳ್ಳುವುದರಲ್ಲಿ ಎರಡು ಬಗೆ. ಒಂದೇ ಮನೆಯವರು ಹಂಚಿಕೊಳ್ಳುವುದು ಒಂದು, ಒಬ್ಬರಿಗೊಬ್ಬರು ಪರಿಚಯವಿಲ್ಲದ ಬಾಡಿಗೆದಾರರು ಹಂಚಿಕೊಳ್ಳುವುದು ಇನ್ನೊಂದು.

ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ಜ್ಯಾಂಗೋ ಹುಟ್ಟಿದ ಮನೆಯಲ್ಲೇ ಇದೆ. ಅಮೆರಿಕದ ಕನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆ ಲಾರೆನ್ಸ್ ಜರ್ನಲ್-ವರ್ಲ್ಡ್. ಅಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಕಟ್ಟತೊಡಗಿದ ತಂತ್ರಾಂಶ 2005ರಲ್ಲಿ ಜ್ಯಾಂಗೋ ಎಂಬ ಹೆಸರಿನಲ್ಲಿ ಎಲ್ಲರಿಗೂ ದೊರಕಿತು. ಪತ್ರಿಕೆಗೆ ಸುದ್ದಿಗೆ ಒಂದು ತಾಣ, ಊರಿನ ಮನರಂಜನೆಗೆ ಇನ್ನೊಂದು ತಾಣ ಇತ್ತು. ಕೆಲವು ಲೇಖನ ಎರಡರಲ್ಲೂ ಬರಬೇಕು. ಎರಡು ಸಲ ಟೈಪ್ ಮಾಡುವ ಬದಲು, ಲೇಖನ ಒಂದೇ ಡೇಟಾಬೇಸಿನಲ್ಲಿದ್ದು, ಅದು ಯಾವ ಯಾವ ತಾಣಕ್ಕೆ ಸೇರಿದ್ದೆಂದು ಗುರುತು ಹಾಕುವ ಏರ್ಪಾಡು ಮಾಡಿದರು. ಜ್ಯಾಂಗೋದ 'ಸೈಟ್ಸ್' ಎಂಬ ಭಾಗ ಇಂದಿಗೂ ಅದೇ. ಇಲ್ಲಿ ಹಂಚಿಕೆಯೇ ಉದ್ದೇಶ. ಮನೆ ಒಂದೇ, ಬಾಗಿಲು ಎರಡು.

ಬಾಡಿಗೆದಾರರ ಸಮಸ್ಯೆ ಬೇರೆ. ಅದಕ್ಕೆ ಮೊದಲು ಎಲ್ಲರೂ ಒಂದೇ ಬಗೆಯ ಬಾಗಿಲು ಇಡಬೇಕಿತ್ತು. 2003ರ ಡಿಸೆಂಬರ್‌ನಲ್ಲಿ ಫಿಲಿಪ್ ಈಬಿ ಒಂದು ಪ್ರಸ್ತಾವ ಬರೆದರು. ಪೈಥಾನ್ ಸಮುದಾಯದಲ್ಲಿ ಅದರ ಸಂಖ್ಯೆ 333, ಹೆಸರು ಡಬ್ಲ್ಯುಎಸ್‌ಜಿಐ. ಅದರ ಸಾರ ಇಷ್ಟೇ: ಯಾವ ಸರ್ವರ್ ಆಗಲಿ, ಯಾವ ತಾಣವಾಗಲಿ, ನಡುವಿನ ಕರೆ ಒಂದೇ ರೂಪದಲ್ಲಿರಲಿ. ತಾಣ ಎಂದರೆ ಕರೆದರೆ ಉತ್ತರಿಸುವ ಒಂದು ಫಂಕ್ಷನ್. ಅಲ್ಲಿಯವರೆಗೆ ಝೋಪ್‌ನವರು ಝೋಪ್ ಬಿಟ್ಟು ಹೊರಬರುವಂತಿರಲಿಲ್ಲ, ಮಾಡ್‌ಪೈಥಾನ್‌ಗೆ ಬರೆದದ್ದು ಬೇರೆಡೆ ಓಡುತ್ತಿರಲಿಲ್ಲ. ಈ ಒಪ್ಪಂದದ ನಂತರ ಹಲವು ತಾಣಗಳನ್ನು ಒಂದು ಸರ್ವರ್ ಅಕ್ಕಪಕ್ಕ ಇಟ್ಟುಕೊಂಡು ನಡೆಸುವುದು ಸುಲಭವಾಯಿತು.

ಹಾಗೆ ನಡೆಸಲು ಬಂದದ್ದೇ ಮಾಡ್‌ಡಬ್ಲ್ಯುಎಸ್‌ಜಿಐ. ಆಸ್ಟ್ರೇಲಿಯಾದ ಗ್ರಹಾಂ ಡಂಪಲ್‌ಟನ್ 2007ರಲ್ಲಿ ಅದರ ಮೊದಲ ಆವೃತ್ತಿ ಬಿಟ್ಟರು. ಅದರಲ್ಲಿ ಎರಡು ದಾರಿಗಳಿದ್ದವು. ಒಂದು, ತಾಣವನ್ನು ಅಪಾಚಿಯ ಪ್ರೊಸೆಸ್‌ನೊಳಗೇ ಓಡಿಸುವುದು. ಎರಡು, 'ಡೀಮನ್' ದಾರಿ. ತಾಣಕ್ಕೆ ಬೇರೆಯೇ ಪ್ರೊಸೆಸ್ ಕೊಟ್ಟು, ಬೇಕಾದರೆ ಬೇರೆ ಬಳಕೆದಾರರ ಹೆಸರಿನಲ್ಲಿ ಓಡಿಸುವುದು. ಎರಡನೆಯದರಲ್ಲಿ ಗೋಡೆ ಗಟ್ಟಿ, ಮೆಮೊರಿ ಖರ್ಚು ಹೆಚ್ಚು. ಮೊದಲನೆಯದು ಏನೂ ಹೇಳದಿದ್ದರೆ ತಾನಾಗಿ ಸಿಗುವ ದಾರಿ.

512 ಎಂಬಿಯ ನಾನು ಮೊದಲನೆಯದನ್ನು ಹಿಡಿದಿದ್ದೆ.

ಕೋಣೆ ಬೇರೆ, ಸೂಚನಾ ಫಲಕ ಒಂದೇ

ಒಂದೇ ಪ್ರೊಸೆಸ್‌ನೊಳಗೂ ತಾಣಗಳು ಪೂರ್ತಿ ಕಲಸಿಹೋಗದಿರಲಿ ಎಂದು ಪೈಥಾನ್‌ನಲ್ಲಿ ಒಂದು ಅನುಕೂಲವಿದೆ. 1997ರ 1.5ನೇ ಆವೃತ್ತಿಯಿಂದಲೂ ಒಂದು ಪ್ರೊಸೆಸ್‌ನಲ್ಲಿ ಒಂದಕ್ಕಿಂತ ಹೆಚ್ಚು ಇಂಟರ್‌ಪ್ರಿಟರ್ ಇಡಬಹುದು. ಇವನ್ನು ಉಪ-ಇಂಟರ್‌ಪ್ರಿಟರ್ ಎನ್ನೋಣ. ಮಾಡ್‌ಪೈಥಾನ್ ಪ್ರತಿ ವಿಳಾಸಕ್ಕೆ ಒಂದನ್ನು ಕೊಡುತ್ತಿತ್ತು. ಮಾಡ್‌ಡಬ್ಲ್ಯುಎಸ್‌ಜಿಐ ಪ್ರತಿ ತಾಣಕ್ಕೆ ಒಂದನ್ನು ಕೊಡುತ್ತದೆ. ಪಿಜಿಯಲ್ಲಿ ಒಂದೇ ಫ್ಲಾಟು, ಬೇರೆ ಬೇರೆ ಕೋಣೆ ಇದ್ದಂತೆ. ನನ್ನ ಕಪಾಟು ನನ್ನದು, ನಿಮ್ಮದು ನಿಮ್ಮದು.

ಆದರೆ ಫ್ಲಾಟಿನ ಬಾಗಿಲ ಬಳಿ ಒಂದು ಸೂಚನಾ ಫಲಕ ಇರುತ್ತದಲ್ಲ, ಅದು ಎಲ್ಲರಿಗೂ ಒಂದೇ. ಪ್ರೊಸೆಸ್‌ನಲ್ಲಿ ಆ ಫಲಕದ ಹೆಸರು ಎನ್ವಿರಾನ್‌ಮೆಂಟ್. ಕೆಲವು ಹೆಸರುಗಳು, ಅವುಗಳ ಮುಂದೆ ಮೌಲ್ಯಗಳು. ಅದು ಇಂಟರ್‌ಪ್ರಿಟರಿಗೆ ಸೇರಿದ್ದಲ್ಲ, ಇಡೀ ಪ್ರೊಸೆಸ್‌ಗೆ ಸೇರಿದ್ದು. ಹೊಸ ಉಪ-ಇಂಟರ್‌ಪ್ರಿಟರ್ ಹುಟ್ಟಿದಾಗ ಫಲಕದಲ್ಲಿ ಆಗ ಏನಿದೆಯೋ ಅದನ್ನು ನಕಲು ಮಾಡಿಕೊಂಡು ಒಳಗೆ ಹೋಗುತ್ತದೆ.

ಜ್ಯಾಂಗೋ ತನ್ನ ಸೆಟ್ಟಿಂಗ್ಸ್ ಫೈಲ್ ಯಾವುದೆಂದು ಹುಡುಕುವುದೇ ಈ ಫಲಕದಲ್ಲಿ. ತಾಣ ಶುರುವಾಗುವಾಗ ಓಡುವ ಪುಟ್ಟ ಫೈಲಿನಲ್ಲಿ ಒಂದು ಸಾಲು ಇರುತ್ತದೆ. ಅದರ ಅರ್ಥ: ಫಲಕದಲ್ಲಿ ಸೆಟ್ಟಿಂಗ್ಸ್ ಹೆಸರು ಇಲ್ಲದಿದ್ದರೆ ನನ್ನದನ್ನು ಬರೆ, ಈಗಾಗಲೇ ಇದ್ದರೆ ಇರುವುದನ್ನೇ ಬಳಸು. ಒಬ್ಬರೇ ಇರುವ ಮನೆಯಲ್ಲಿ ಇದು ಸೌಜನ್ಯ. ಇಬ್ಬರಿರುವ ಮನೆಯಲ್ಲಿ ಮೊದಲು ಎದ್ದವನ ಹೆಸರು ಇಬ್ಬರಿಗೂ ಅಂಟುತ್ತದೆ.

ನಮಗೆ ಆದದ್ದು ಅದೇ. ಅಪಾಚಿಯಲ್ಲಿ ಏಕಕಾಲಕ್ಕೆ ಕೆಲವು ಪ್ರೊಸೆಸ್‌ಗಳು ಇರುತ್ತವೆ. ಯಾವ ಪ್ರೊಸೆಸ್‌ನಲ್ಲಿ ಪತ್ರಿಕೆಯ ಓದುಗರು ಮೊದಲು ಬಂದರೋ ಅಲ್ಲಿ ಎರಡೂ ವಿಳಾಸಕ್ಕೆ ಪತ್ರಿಕೆ. ಯಾವುದರಲ್ಲಿ ರಕ್ತದಾನದವರು ಮೊದಲು ಬಂದರೋ ಅಲ್ಲಿ ಎರಡೂ ವಿಳಾಸಕ್ಕೆ ದಾನಿಗಳ ಪಟ್ಟಿ. ರಿಫ್ರೆಶ್ ಮಾಡಿದಾಗ ಯಾವ ಪ್ರೊಸೆಸ್ ಕೈಗೆ ಸಿಕ್ಕಿತೋ ಅದರ ಉತ್ತರ. ಎರಡು ಪ್ರಾಜೆಕ್ಟುಗಳನ್ನೂ ನಾನು ಒಂದೇ ಫೋಲ್ಡರಿನಲ್ಲಿ ಇಟ್ಟಿದ್ದರಿಂದ ಒಂದಕ್ಕೆ ಇನ್ನೊಂದರ ಫೈಲುಗಳು ಸಲೀಸಾಗಿ ಸಿಕ್ಕವು.

ಪಾಸ್‌ವರ್ಡ್ ಏಕೆ ಕೇಳಲಿಲ್ಲ? ಅದನ್ನು ನಾನು ತಾಣದೊಳಗೆ ಬರೆಯದೆ ಅಪಾಚಿಯಲ್ಲಿ, ರಕ್ತದಾನದ ವಿಳಾಸಕ್ಕೆ ಮಾತ್ರ ಹಾಕಿದ್ದೆ. ಪತ್ರಿಕೆಯ ವಿಳಾಸದಿಂದ ಬಂದವರಿಗೆ ಆ ಕಾವಲುಗಾರ ಎದುರಾಗಲೇ ಇಲ್ಲ. ಇನ್ನೊಂದು ಕಾವಲೂ ಇತ್ತು. 2013ರ ಜ್ಯಾಂಗೋ 1.5ರಲ್ಲಿ, ತಾಣ ತನಗೆ ಸಂಬಂಧಿಸಿದ ವಿಳಾಸಗಳಿಗೆ ಮಾತ್ರ ಉತ್ತರಿಸುವಂತೆ ಪಟ್ಟಿ ಕೊಡಬೇಕಿತ್ತು. ನಾನು ಅಲ್ಲಿ ನಕ್ಷತ್ರ ಚಿಹ್ನೆ ಹಾಕಿದ್ದೆ, ಅಂದರೆ ಯಾರಿಗಾದರೂ ಉತ್ತರಿಸು ಎಂದು. ಕೆಲಸ ಬೇಗ ಮುಗಿಯಲಿ ಅಂತ.

ಎಲ್ಲಕ್ಕಿಂತ ಚುಚ್ಚಿದ್ದು ಬೇರೆ. ಆ ಕಾಲದ ಜ್ಯಾಂಗೋ ತಾನೇ ತಯಾರಿಸಿ ಕೊಡುತ್ತಿದ್ದ ಆರಂಭದ ಫೈಲಿನಲ್ಲಿ ಒಂದು ಟಿಪ್ಪಣಿ ಇರುತ್ತಿತ್ತು: ಒಂದೇ ಪ್ರೊಸೆಸ್‌ನಲ್ಲಿ ಹಲವು ತಾಣ ನಡೆಸಿದರೆ ಈ ಸಾಲು ಕೈಕೊಡುತ್ತದೆ, ಪ್ರತಿ ತಾಣಕ್ಕೂ ಬೇರೆ ಡೀಮನ್ ಪ್ರೊಸೆಸ್ ಕೊಡಿ. ಫೈಲು ಚೊಕ್ಕಟವಾಗಿ ಕಾಣಲೆಂದು ನಾನು ಟಿಪ್ಪಣಿಗಳನ್ನೆಲ್ಲ ಅಳಿಸಿದ್ದೆ.

ಚಕ್ರವರ್ತಿ ಮತ್ತು ಸಾಮಂತರು

ಗೋಡೆ ಬೇಕು, ಆದರೆ ಯಂತ್ರ ಒಂದೇ. ಇದಕ್ಕೆ ಇಟಲಿಯ ಉನ್‌ಬಿಟ್ ಎಂಬ ಹೋಸ್ಟಿಂಗ್ ಕಂಪನಿಯಿಂದ ಬಂದ ಉತ್ತರ ನನಗೆ ಇಷ್ಟ. ಅಲ್ಲಿನ ರೊಬೆರ್ಟೊ ದೆ ಇಯೋರಿಸ್ ಬರೆದ ಯುಡಬ್ಲ್ಯುಎಸ್‌ಜಿಐ ಸರ್ವರಿನಲ್ಲಿ 'ಎಂಪರರ್' ಎಂಬ ವ್ಯವಸ್ಥೆ ಇದೆ. ಒಂದು ಪ್ರೊಸೆಸ್ ಚಕ್ರವರ್ತಿ. ಪ್ರತಿ ತಾಣ ಒಬ್ಬ ಸಾಮಂತ. ಇವು ನಾನು ಕೊಟ್ಟ ಹೆಸರುಗಳಲ್ಲ, ಅವರದೇ ಪದಗಳ ಕನ್ನಡ. ಚಕ್ರವರ್ತಿ ಒಂದು ಫೋಲ್ಡರನ್ನು ನೋಡುತ್ತಿರುತ್ತಾನೆ. ಅಲ್ಲಿ ಹೊಸ ಫೈಲ್ ಬಂದರೆ ಹೊಸ ಸಾಮಂತನಿಗೆ ಪಟ್ಟ, ಫೈಲ್ ತಿದ್ದಿದರೆ ಆ ಸಾಮಂತನಿಗೆ ಮಾತ್ರ ಮರುಹುಟ್ಟು, ಅಳಿಸಿದರೆ ಪದಚ್ಯುತಿ. ಸಾಮಂತ ಸತ್ತರೆ ಮತ್ತೆ ಎಬ್ಬಿಸುತ್ತಾನೆ. ಪ್ರತಿ ಸಾಮಂತನೂ ಬೇರೆ ಬಳಕೆದಾರನ ಹೆಸರಿನಲ್ಲಿ ಓಡಬಹುದು. ಬಹಳ ಹೊತ್ತು ಯಾರೂ ಬಾರದಿದ್ದರೆ ನಿದ್ದೆ ಮಾಡಿ, ಕರೆ ಬಂದಾಗ ಏಳಬಹುದು. ದಿನಕ್ಕೆ ಹತ್ತು ಜನ ಓದುವ ಪತ್ರಿಕೆಗೆ ಇದಕ್ಕಿಂತ ಇನ್ನೇನು ಬೇಕು?

ನಮ್ಮ ಚರಿತ್ರೆ ಓದಿದವರಿಗೆ ಇಲ್ಲಿ ನಗು ಬರಬಹುದು. ಸಾಮಂತರನ್ನು ನಂಬಿ ಕೆಟ್ಟ ಚಕ್ರವರ್ತಿಗಳು ನಮ್ಮಲ್ಲಿ ಕಡಿಮೆ ಇಲ್ಲ. ಬಾದಾಮಿ ಚಾಲುಕ್ಯರ ಸಾಮಂತನಾಗಿದ್ದ ದಂತಿದುರ್ಗ ಎಂಟನೆಯ ಶತಮಾನದ ನಡುವಿನಲ್ಲಿ ರಾಷ್ಟ್ರಕೂಟ ರಾಜ್ಯ ಕಟ್ಟಿದ. ಅದೇ ರಾಷ್ಟ್ರಕೂಟರನ್ನು 973ರಲ್ಲಿ ಅವರ ಸಾಮಂತ ಎರಡನೆಯ ತೈಲಪ ಕೆಳಗಿಳಿಸಿದ. ನಾವೀಗ ಬಾಡಿಗೆಗಿರುವ ಈ ಪುಣೆ ಸೀಮೆಯ ಹೆಸರು ಹಳೆಯ ದಾಖಲೆಗಳಲ್ಲಿ ಸಿಗುವುದೂ ಆ ರಾಷ್ಟ್ರಕೂಟರ ತಾಮ್ರಪಟಗಳಲ್ಲೇ. ಯುಡಬ್ಲ್ಯುಎಸ್‌ಜಿಐ ಲೋಕದಲ್ಲಿ ಸಾಮಂತ ದಂಗೆ ಏಳುವಂತಿಲ್ಲ. ಆದರೆ ಚಕ್ರವರ್ತಿ ಸತ್ತರೆ ಸಾಮಂತರೆಲ್ಲ ಜೊತೆಗೇ ಸಾಯುತ್ತಾರೆ. ಲೋಹೆಗಾಂವ್ ರನ್‌ವೇ ನೆನಪಿದೆಯಲ್ಲ?

2010ರಲ್ಲಿ ಬೆನ್ವಾ ಶೆನೋ ಅವರ ಗುನಿಕಾರ್ನ್ ಇನ್ನೂ ಸರಳ ದಾರಿ ಹಿಡಿಯಿತು. ರೂಬಿ ಭಾಷೆಯ ಯುನಿಕಾರ್ನ್ ಸರ್ವರಿನ ಮಾದರಿ ಅದು. ಒಂದು ತಾಣಕ್ಕೆ ಒಬ್ಬ ಯಜಮಾನ, ಅವನ ಕೈಕೆಳಗೆ ಕೆಲವು ಕೆಲಸಗಾರ ಪ್ರೊಸೆಸ್‌ಗಳು. ಪಕ್ಕದ ತಾಣದ ಗೊಡವೆಯೇ ಇಲ್ಲ.

ಮುಟ್ಟಿದರೆ ಒಡೆಯುವ ಹಂಚಿಕೆ

ಒಂದೇ ತಾಣಕ್ಕೆ ಹಲವು ಪ್ರೊಸೆಸ್ ಏಕೆ? ಪೈಥಾನ್‌ನಲ್ಲಿ ಜಿಐಎಲ್ ಎಂಬ ಒಂದು ಬೀಗವಿದೆ. ಒಂದು ಪ್ರೊಸೆಸ್‌ನಲ್ಲಿ ಎಷ್ಟೇ ಥ್ರೆಡ್ ಇರಲಿ, ಒಂದು ಕ್ಷಣದಲ್ಲಿ ಒಂದು ಮಾತ್ರ ಪೈಥಾನ್ ಸಾಲುಗಳನ್ನು ಓಡಿಸಬಹುದು. ಅಡುಗೆಮನೆಯಲ್ಲಿ ನಾಲ್ವರಿದ್ದರೂ ಚಾಕು ಒಂದೇ. ಹೆಚ್ಚು ಕೆಲಸ ಆಗಬೇಕಾದರೆ ಇನ್ನೊಂದು ಅಡುಗೆಮನೆ, ಅಂದರೆ ಇನ್ನೊಂದು ಪ್ರೊಸೆಸ್. ಒಂದೊಂದೂ ಮತ್ತಷ್ಟು ಮೆಮೊರಿ ತಿನ್ನುತ್ತದೆ.

ಇದನ್ನು ತಗ್ಗಿಸಲು ಯುನಿಕ್ಸ್‌ನ ಒಂದು ಉಪಾಯ ಇದೆ. ತಾಯಿ ಪ್ರೊಸೆಸ್ ತಾಣವನ್ನು ಪೂರ್ತಿ ಓದಿಕೊಂಡ ಮೇಲೆ ಮಕ್ಕಳನ್ನು ಹುಟ್ಟಿಸಿದರೆ, ಮಕ್ಕಳು ತಾಯಿಯ ಮೆಮೊರಿಯನ್ನೇ ಹಂಚಿಕೊಳ್ಳುತ್ತವೆ. ಯಾವ ಪುಟವನ್ನು ಯಾರಾದರೂ ತಿದ್ದುತ್ತಾರೋ ಆ ಪುಟದ ಪ್ರತಿ ಮಾತ್ರ ಬೇರೆಯಾಗುತ್ತದೆ. ಓದುವವರೆಗೆ ಒಂದೇ ಪುಸ್ತಕ, ಗೀಚಿದರೆ ಮಾತ್ರ ಜೆರಾಕ್ಸ್. ತೊಂದರೆ ಏನೆಂದರೆ ಪೈಥಾನ್‌ಗೆ ಗೀಚದೆ ಓದಲು ಬರುವುದಿಲ್ಲ. ಪ್ರತಿ ವಸ್ತುವನ್ನು ಎಷ್ಟು ಜನ ಬಳಸುತ್ತಿದ್ದಾರೆ ಎಂಬ ಎಣಿಕೆಯನ್ನು ಅದು ವಸ್ತುವಿನ ಮೇಲೇ ಬರೆಯುತ್ತದೆ. ನೋಡಿದರೂ ಎಣಿಕೆ ಬದಲಾಗುತ್ತದೆ, ಪುಟ ಒಡೆಯುತ್ತದೆ.

ಇನ್‌ಸ್ಟಾಗ್ರಾಂ ಜ್ಯಾಂಗೋ ಮೇಲೆ ನಿಂತ ತಾಣ. ಅಲ್ಲಿನ ಎಂಜಿನಿಯರುಗಳು ತಮ್ಮ ಪ್ರೊಸೆಸ್‌ಗಳ ನಡುವೆ ಹಂಚಿದ ಮೆಮೊರಿ ಬೇಗ ಕರಗಿಹೋಗುವುದನ್ನು ಕಂಡು ಮೊದಲು ಈ ಎಣಿಕೆಯನ್ನೇ ಅನುಮಾನಿಸಿದರು. ಹುಡುಕಿದಾಗ ಅಲ್ಲಿ ದೊಡ್ಡ ಅಪರಾಧಿ ಕಸ ಗುಡಿಸುವವನೆಂದು ತಿಳಿಯಿತು. ಬಳಸದ ವಸ್ತುಗಳನ್ನು ಹುಡುಕುವ ಭಾಗವು ಹುಡುಕುತ್ತಾ ಎಲ್ಲ ಪುಟಗಳ ಮೇಲೂ ಗುರುತು ಹಾಕುತ್ತಿತ್ತು. ಅದನ್ನು ನಿಲ್ಲಿಸಿದರು. ಶೇಕಡಾ 10ರಷ್ಟು ದಕ್ಷತೆ ಹೆಚ್ಚಿತೆಂದು 2017ರ ಜನವರಿಯಲ್ಲಿ ಬರೆದರು. ಅವರ ಅನುಭವದಿಂದಲೇ 2018ರ ಪೈಥಾನ್ 3.7ಕ್ಕೆ, ಈಗಾಗಲೇ ಇರುವ ವಸ್ತುಗಳನ್ನು ಗುಡಿಸುವವನ ಕಣ್ಣಿಂದ ಮರೆಮಾಡುವ ಒಂದು ಆಜ್ಞೆ ಸೇರಿತು. 2023ರ ಪೈಥಾನ್ 3.12ರಲ್ಲಿ 'ಅಮರ' ವಸ್ತುಗಳು ಬಂದವು. ಕೆಲವು ವಸ್ತುಗಳ ಎಣಿಕೆ ಇನ್ನು ಬದಲಾಗುವುದೇ ಇಲ್ಲ, ಅವನ್ನು ಎಷ್ಟು ನೋಡಿದರೂ ಪುಟ ಒಡೆಯುವುದಿಲ್ಲ.

ಪೆಟ್ಟಿಗೆಗಳ ಕಾಲ, ಮತ್ತೆ ಕೋಣೆಗಳ ಕಡೆಗೆ

2013ರ ಮಾರ್ಚ್‌ನಲ್ಲಿ ಸಾಂಟಾ ಕ್ಲಾರಾದ ಪೈಥಾನ್ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಐದು ನಿಮಿಷದ ಒಂದು ಮಾತಾಡಿ ಡಾಕರ್ ತೋರಿಸಿದರು. ಅಲ್ಲಿಂದ ಮುಂದೆ ಗೋಡೆಯ ಚರ್ಚೆಯೇ ಬದಲಾಯಿತು. ಪ್ರತಿ ತಾಣಕ್ಕೂ ಅದರದೇ ಪೆಟ್ಟಿಗೆ. ಅದರೊಳಗೆ ಅದರದೇ ಪೈಥಾನ್, ಅದರದೇ ಲೈಬ್ರರಿಗಳು. ಹಂಚಿಕೊಳ್ಳುವುದು ಯಂತ್ರ ಮತ್ತು ಕರ್ನೆಲ್ ಮಾತ್ರ. ನನ್ನ ಕಚೇರಿಯಲ್ಲಿ ಈಗ ಒಂದು ಪ್ರೊಸೆಸ್‌ನಲ್ಲಿ ಎರಡು ತಾಣ ಎಂದರೆ ಹೊಸ ಹುಡುಗರು ನನ್ನ ಮುಖ ನೋಡುತ್ತಾರೆ.

ದೊಡ್ಡ ಕಂಪನಿಗೆ ಇದು ಸರಿ. ಖರ್ಚು ಹೊರಲು ಆಗದವರು ಇನ್ನೊಬ್ಬರ ಔದಾರ್ಯದ ಮೇಲೆ ನಿಲ್ಲಬೇಕಾಯಿತು. ಹೆರೊಕು ಕಂಪನಿಯ ಉಚಿತ ಜಾಗದಲ್ಲಿ ಎಷ್ಟೋ ವಿದ್ಯಾರ್ಥಿಗಳ ಪೈಥಾನ್ ತಾಣಗಳು ಇದ್ದವು. ಅರ್ಧ ಗಂಟೆ ಯಾರೂ ಬಾರದಿದ್ದರೆ ನಿದ್ದೆ ಹೋಗುತ್ತಿದ್ದವು, ಆದರೂ ಇದ್ದವು. 2022ರ ನವೆಂಬರ್ 28ರಂದು ಆ ಉಚಿತ ಸೇವೆ ಮುಗಿಯಿತು. ನನಗೆ ಪರಿಚಯದ ಹುಡುಗಿಯೊಬ್ಬಳು ತನ್ನ ಊರಿನ ಗಾದೆಗಳನ್ನು ಸೇರಿಸಿ ಮಾಡಿದ್ದ ತಾಣವೂ ಅಂದೇ ಮುಚ್ಚಿತು. ಅದನ್ನು ನಮ್ಮ ಸರ್ವರಿಗೆ ತರಲು ಒಂದು ಭಾನುವಾರ ಹಿಡಿಯಿತು.

ಇತ್ತ ಪೈಥಾನ್ ಒಳಗೆ ಚಕ್ರ ಒಂದು ಸುತ್ತು ಬಂದಿದೆ. 1997ರ ಉಪ-ಇಂಟರ್‌ಪ್ರಿಟರುಗಳು ಬಹುಕಾಲ ಮೂಲೆಯಲ್ಲಿದ್ದವು. ಅವೆಲ್ಲಕ್ಕೂ ಸೇರಿ ಬೀಗ ಒಂದೇ ಇತ್ತು. ಸಿ ಭಾಷೆಯಲ್ಲಿ ಬರೆದ ಕೆಲವು ಲೈಬ್ರರಿಗಳು ಅವುಗಳೊಳಗೆ ಸರಿಯಾಗಿ ನಡೆಯುತ್ತಿರಲಿಲ್ಲ. ಎರಿಕ್ ಸ್ನೋ ವರ್ಷಗಟ್ಟಲೆ ದುಡಿದ ಫಲವಾಗಿ 3.12ರಲ್ಲಿ ಪ್ರತಿ ಉಪ-ಇಂಟರ್‌ಪ್ರಿಟರಿಗೂ ಅದರದೇ ಬೀಗ ಸಾಧ್ಯವಾಯಿತು. 2025ರ 3.14ರಲ್ಲಿ ಅವನ್ನು ನೇರವಾಗಿ ಪೈಥಾನ್‌ನಿಂದಲೇ ಬಳಸುವ ದಾರಿ ತೆರೆಯಿತು. ಒಂದೇ ಫ್ಲಾಟು, ಕೋಣೆಗೊಂದು ಚಾಕು. ಬಾಗಿಲ ಬಳಿಯ ಫಲಕ ಮಾತ್ರ ಈಗಲೂ ಇಡೀ ಪ್ರೊಸೆಸ್‌ಗೆ ಒಂದೇ.

ಈ ಇತಿಹಾಸವನ್ನು ಓದುತ್ತಾ ನನಗೆ ಅನಿಸಿದ್ದು ಇಷ್ಟು. ಹಂಚಿಕೊಂಡದ್ದರಿಂದ ಯಾರೂ ಕೆಡಲಿಲ್ಲ. ಹಂಚಿಕೊಳ್ಳದಿದ್ದರೆ ನಮ್ಮಂಥವರ ತಾಣಗಳೇ ಇರುತ್ತಿರಲಿಲ್ಲ. ಪ್ರತಿ ಸಲ ಪೆಟ್ಟು ಬಿದ್ದದ್ದು, ಏನು ಹಂಚಿಕೊಂಡಿದ್ದೇವೆ ಎಂಬುದು ಗೊತ್ತಿಲ್ಲದಾಗ. ಕೋಣೆ ಬೇರೆ ಎಂದುಕೊಂಡು ಫಲಕವನ್ನು ಮರೆತಾಗ.

ಆ ರಾತ್ರಿಯ ನಂತರದ ಶನಿವಾರ ನಾನು ಮತ್ತು ಆ ಹುಡುಗ ಕೂತು ಪಟ್ಟಿಯಲ್ಲಿದ್ದ ಎಲ್ಲರಿಗೂ ಫೋನ್ ಮಾಡಿದೆವು. ಆದದ್ದು ಹೇಳಿ, ಕ್ಷಮೆ ಕೇಳಿದೆವು. ಬಹಳ ಜನ "ಇರಲಿ ಬಿಡಿ ಸರ್" ಅಂದರು. ಒಬ್ಬರು ಮಾತ್ರ, ಒಂಟಿಯಾಗಿ ಬಾಡಿಗೆ ಮನೆಯಲ್ಲಿದ್ದ ಹೆಂಗಸು, ಅದಾಗಲೇ ತಮಗೆ ಎರಡು ಅಪರಿಚಿತ ಕರೆ ಬಂದಿದ್ದವು ಎಂದರು. ಅದು ನಮ್ಮ ಪಟ್ಟಿಯಿಂದಲೇ ಹೋದ ನಂಬರೋ ಅಲ್ಲವೋ ತಿಳಿಯುವ ದಾರಿ ನಮಗಿರಲಿಲ್ಲ. ಹೆಸರು ತೆಗೆದುಬಿಡಿ ಎಂದರು. ತೆಗೆದೆವು. ಅವರದು ಓ ನೆಗೆಟಿವ್.

ಪಟ್ಟಿ ಈಗಲೂ ಇದೆ. ಅದಕ್ಕೆ ಅದರದೇ ಪ್ರೊಸೆಸ್, ಅದರದೇ ಬಳಕೆದಾರ, ಅದರದೇ ಡೇಟಾಬೇಸ್. ಪಾಸ್‌ವರ್ಡ್ ತಾಣದ ಒಳಗೇ. ಪತ್ರಿಕೆ ಮತ್ತು ಗಾದೆಗಳ ತಾಣ ಪಕ್ಕದಲ್ಲಿ ಸಾಮಂತರಾಗಿ ಮಲಗಿರುತ್ತವೆ, ಯಾರಾದರೂ ಬಂದಾಗ ಏಳುತ್ತವೆ. ಸರ್ವರಿನ ಮೆಮೊರಿ ಎರಡರಷ್ಟಾಗಿದೆ, ಬಾಡಿಗೆಯೂ ಏರಿದೆ. ಅಳಿಸಿದ್ದ ಆ ಟಿಪ್ಪಣಿಯನ್ನು ಮತ್ತೆ ಅದೇ ಜಾಗದಲ್ಲಿ, ಈ ಸಲ ಕನ್ನಡದಲ್ಲಿ, ಬರೆದಿಟ್ಟಿದ್ದೇನೆ. ಆ ಹೆಂಗಸಿನ ಹೆ‌ಸರು ಪಟ್ಟಿಗೆ ಮರಳಿ ಬಂದಿಲ್ಲ.